ಕೈಕಾಲು ಬೀಳದ ಪಾರ್ಶ್ವವಾಯು

ಪಾರ್ಶ್ವವಾಯು ಎಂಬ ಪದವನ್ನೊಮ್ಮೆ ಬಿಡಿಸಿ ನೋಡಿ. ಪಾರ್ಶ್ವವೆಂದರೆ ಮಗ್ಗುಲು. ಮೈಯ ಒಂದು ಮಗ್ಗುಲಿಗೆ ವಾಯು ಬಡಿದು ಆ ಕಡೆಯ ಕೈಕಾಲು ಬಿದ್ದುಹೋಗುತ್ತದೆ ಎಂಬ ಕಲ್ಪನೆ ಹೆಸರಿನಲ್ಲೇ ಅಡಗಿದೆ. ‘ಲಕ್ವ ಹೊಡೆಯಿತು’ ಎಂದಾಗಲೂ ನಮ್ಮ ಕಣ್ಣ ಮುಂದೆ ಬರುವುದು ಸೊಟ್ಟಗಾದ ಬಾಯಿ, ಜೋತುಬಿದ್ದ ಕೈ. ಈ ಚಿತ್ರ ತಪ್ಪೇನಲ್ಲ, ಆದರೆ ಅಪೂರ್ಣ. ರಕ್ತನಾಳ ಮುಚ್ಚಿಕೊಂಡು ಮಿದುಳಿಗೆ ಆಗುವ ಆಘಾತಗಳಲ್ಲಿ ಸುಮಾರು ಐದರಲ್ಲೊಂದು ಪಾಲು ನಡೆಯುವುದು ತಲೆಯ ಹಿಂಬದಿಗೆ ರಕ್ತ ಒಯ್ಯುವ ನಾಳಗಳಲ್ಲಿ. ಅಲ್ಲಿ ಕೈಯ ಹಿಡಿತ ಗಟ್ಟಿಯಾಗಿಯೇ ಇರಬಹುದು, ಬಾಯಿ ನೆಟ್ಟಗೇ ಇರಬಹುದು. ರೋಗಿ ಹೇಳುವುದು ಇಷ್ಟೆ: ತಲೆ ಸುತ್ತುತ್ತಿದೆ, ವಾಂತಿ ಬರುತ್ತಿದೆ. ಮನೆಯವರು ‘ಪಿತ್ತ ಕೆರಳಿದೆ’ ಎಂದು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುತ್ತಾರೆ. ಅಮೂಲ್ಯವಾದ ನಾಲ್ಕು ಗಂಟೆ ಅಲ್ಲಿಗೆ ಮುಗಿಯುತ್ತದೆ.

ಬಹುಪಾಲು ತಲೆಸುತ್ತು ಮಿದುಳಿನ ಆಘಾತವಲ್ಲ ಎಂಬುದನ್ನೂ ಮೊದಲೇ ಹೇಳಿಬಿಡಬೇಕು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೆಲವು ಸೆಕೆಂಡು ಕೋಣೆಯೆಲ್ಲ ಗಿರ್ರನೆ ತಿರುಗಿ ನಿಂತುಬಿಡುವುದು ಸಾಮಾನ್ಯವಾಗಿ ಒಳಕಿವಿಯ ತೊಂದರೆ. ಹಾಗಾದರೆ ಅಪಾಯದ ತಲೆಸುತ್ತನ್ನು ಬೇರ್ಪಡಿಸುವುದು ಹೇಗೆ? ಲಕ್ಷಣಗಳ ಪಟ್ಟಿಯೊಂದನ್ನು ಬಾಯಿಪಾಠ ಮಾಡಬಹುದು. ಆದರೆ ನಾಳಗಳ ನಕ್ಷೆ ಮನಸ್ಸಿನಲ್ಲಿದ್ದರೆ ಆ ಪಟ್ಟಿ ತಾನಾಗಿಯೇ ಹೊರಬರುತ್ತದೆ. ಭೌತವಿಜ್ಞಾನದ ಅಧ್ಯಾಪಕನಾದ ನಾನು ವೈದ್ಯರ ಅಂಗಳಕ್ಕೆ ಕಾಲಿಡಲು ಇರುವ ನೆಪವೂ ಇದೇ. ಇಲ್ಲಿ ಕೊಳವೆಗಳಿವೆ, ಹರಿವಿದೆ, ಒತ್ತಡವಿದೆ, ನಮ್ಮ ಪಿ.ಯು.ಸಿ. ಪಾಠದ ಸೂತ್ರಗಳು ಇಲ್ಲಿ ಜೀವ ತಳೆಯುತ್ತವೆ.

ಎರಡು ಹೊಳೆ ಕೂಡಿ ಒಂದು

ಮಿದುಳಿಗೆ ನಾಲ್ಕು ದೊಡ್ಡ ಅಪಧಮನಿಗಳು ರಕ್ತ ಒಯ್ಯುತ್ತವೆ. ಕುತ್ತಿಗೆಯ ಮುಂಭಾಗದಲ್ಲಿ, ಬೆರಳಿಟ್ಟರೆ ಬಡಿತ ಸಿಗುವ ಎರಡು ಕೆರೋಟಿಡ್ ಅಪಧಮನಿಗಳು ಮಿದುಳಿನ ಮುಂದಿನ ಮತ್ತು ಮೇಲಿನ ಭಾಗಗಳನ್ನು ನೋಡಿಕೊಳ್ಳುತ್ತವೆ. ಕೈಕಾಲು ಬೀಳುವ ಪರಿಚಿತ ಪಾರ್ಶ್ವವಾಯು ಹೆಚ್ಚಾಗಿ ಇವುಗಳ ಸೀಮೆಯಲ್ಲಿ ಆಗುವಂಥದು. ಉಳಿದೆರಡು ಕಶೇರುಕ ಅಪಧಮನಿಗಳು. ಇವು ಹುಟ್ಟುವುದು ತೋಳಿಗೆ ರಕ್ತ ಒಯ್ಯುವ ಸಬ್‌ಕ್ಲೇವಿಯನ್ ಅಪಧಮನಿಯಿಂದ. ಕುತ್ತಿಗೆಯ ಏಳು ಕಶೇರುಗಳಲ್ಲಿ ಆರನೆಯದರಿಂದ ಆರಂಭಿಸಿ ಒಂದನೆಯದರವರೆಗೆ ಪ್ರತಿಯೊಂದರ ಪಕ್ಕದಲ್ಲೂ ಒಂದೊಂದು ರಂಧ್ರವಿದೆ. ದಾರಕ್ಕೆ ಮಣಿ ಪೋಣಿಸಿದಂತೆ ನಾಳವು ಈ ರಂಧ್ರಗಳ ಮೂಲಕ ಮೇಲೇರುತ್ತದೆ. ಮೊದಲನೆಯ ಕಶೇರುವಿನ ಮೇಲೆ ಹಿಂದಕ್ಕೆ ಹೊರಳಿ, ತಲೆಬುರುಡೆಯ ತಳದ ದೊಡ್ಡ ರಂಧ್ರದಿಂದ ಒಳನುಗ್ಗುತ್ತದೆ. ಮೆಡುಲ್ಲ ಮುಗಿದು ಪಾನ್ಸ್ ಶುರುವಾಗುವ ಎಡೆಯಲ್ಲಿ ಎಡಬಲದ ನಾಳಗಳೆರಡೂ ಕೂಡಿ ಬೇಸಿಲರ್ ಎಂಬ ಒಂದೇ ಅಪಧಮನಿಯಾಗುತ್ತವೆ.

ಇದು ದೇಹದಲ್ಲಿ ಬಲು ಅಪರೂಪದ ವಿನ್ಯಾಸ. ಅಪಧಮನಿಗಳು ಮರದ ಹಾಗೆ ಕವಲೊಡೆಯುತ್ತವೆ. ಹೊಳೆಗಳ ಹಾಗೆ ಸೇರುವುದಿಲ್ಲ. ಇಲ್ಲಿ ಮಾತ್ರ, ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಹೊಸ ಹೆಸರು ಪಡೆಯುವಂತೆ, ಎರಡು ದೊಡ್ಡ ನಾಳಗಳು ಒಂದಾಗುತ್ತವೆ. ಸೇರಿದ ಮೇಲೆ ರಕ್ತ ಬೆರೆಯುತ್ತದೆಯೆ? ಬೇಸಿಲರ್‌ನ ವ್ಯಾಸ ಸುಮಾರು 3 ಮಿ.ಮೀ., ರಕ್ತದ ವೇಗ ಸೆಕೆಂಡಿಗೆ ಸುಮಾರು 40 ಸೆಂ.ಮೀ., ಸಾಂದ್ರತೆ ಘನಮೀಟರಿಗೆ 1060 ಕಿ.ಗ್ರಾಂ., ಸ್ನಿಗ್ಧತೆ 0.0035 ಪಾಸ್ಕಲ್-ಸೆಕೆಂಡ್ ಎಂದಿಟ್ಟುಕೊಂಡು ರೆನಾಲ್ಡ್ಸ್ ಸಂಖ್ಯೆಯನ್ನು ನೀವೇ ಲೆಕ್ಕ ಹಾಕಿ. ಸುಮಾರು 360 ಬರುತ್ತದೆ. ಕೊಳವೆಯಲ್ಲಿ ಹರಿವು ಪ್ರಕ್ಷುಬ್ಧವಾಗಲು ಇದು 2000ವನ್ನು ದಾಟಬೇಕು. ಎಂದರೆ ಇಲ್ಲಿ ಹರಿವು ಪದರಪದರವಾಗಿ, ಶಾಂತವಾಗಿ ಸಾಗುತ್ತದೆ. 1951ರಲ್ಲಿ ಮೆಕ್‌ಡೊನಾಲ್ಡ್ ಮತ್ತು ಪಾಟರ್ ಎಂಬಿಬ್ಬರು ಮೊಲಗಳಲ್ಲಿ ಬಣ್ಣ ಹಾಯಿಸಿ ನೋಡಿದಾಗ ಎಡನಾಳದ ರಕ್ತ ಎಡಕ್ಕೂ ಬಲನಾಳದ ರಕ್ತ ಬಲಕ್ಕೂ ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುವುದು ಕಂಡುಬಂತು.

ಈ ವ್ಯವಸ್ಥೆಯಿಂದ ಅನುಮಸ್ತಿಷ್ಕಕ್ಕೆ, ಎಂದರೆ ತಲೆಯ ಹಿಂಬದಿಯಲ್ಲಿ ಕೆಳಗಿರುವ ಕಿರುಮಿದುಳಿಗೆ, ಮೂರು ಜೊತೆ ಅಪಧಮನಿಗಳು ಹೊರಡುತ್ತವೆ. ಹಿಂದಿನ ಕೆಳ ಅಪಧಮನಿ ಕಶೇರುಕ ನಾಳದಿಂದಲೇ ಹುಟ್ಟುತ್ತದೆ. ಮುಂದಿನ ಕೆಳ ಅಪಧಮನಿ ಮತ್ತು ಮೇಲಿನ ಅಪಧಮನಿ ಬೇಸಿಲರ್‌ನಿಂದ ಹುಟ್ಟುತ್ತವೆ. ಇವು ಮಿದುಳುಕಾಂಡವನ್ನು ಬಳಸಿಕೊಂಡು ಹೋಗುವಾಗ ಅದಕ್ಕೂ ಸಣ್ಣ ಕವಲುಗಳನ್ನು ಕೊಡುತ್ತವೆ. ಆದ್ದರಿಂದಲೇ ಅನುಮಸ್ತಿಷ್ಕದ ಆಘಾತ ಮತ್ತು ಮಿದುಳುಕಾಂಡದ ಆಘಾತ ಎಷ್ಟೋ ಬಾರಿ ಒಟ್ಟಿಗೆ ಬರುತ್ತವೆ. ಮನುಷ್ಯರಲ್ಲಿ ಈ ನಾಳಗಳು ಒಂದೇ ಅಚ್ಚಿನವಲ್ಲ. ಎಡ ಕಶೇರುಕ ನಾಳ ಬಲದ್ದಕ್ಕಿಂತ ದಪ್ಪವಾಗಿರುವುದು ಸಾಮಾನ್ಯ. ಕೆಲವರಲ್ಲಿ ಒಂದು ನಾಳ ಎಳೆಯಷ್ಟು ತೆಳ್ಳಗಿರುತ್ತದೆ. ಪುಸ್ತಕದ ಚಿತ್ರವನ್ನು ಮಕ್ಕಳಿಗೆ ತೋರಿಸುವಾಗ ಈ ಮಾತನ್ನೂ ಸೇರಿಸಿ.

ತ್ರಿಜ್ಯದ ನಾಲ್ಕನೆಯ ಘಾತ

ಪಾಸೆ ಎಂಬ ಹೆಸರನ್ನು ನೀವು ಸ್ನಿಗ್ಧತೆಯ ಪಾಠದಲ್ಲಿ ಕೇಳಿರುತ್ತೀರಿ. ನಮ್ಮ ಪುಸ್ತಕಗಳಲ್ಲಿ ಅದು ಪಾಯ್ಸೆಲೆ ಎಂದೂ ಇರುತ್ತದೆ. ಈ ಫ್ರೆಂಚ್ ವಿದ್ವಾಂಸ ವೃತ್ತಿಯಿಂದ ವೈದ್ಯ ಎಂಬುದನ್ನು ಮಾತ್ರ ಪಾಠಗಳು ಹೇಳುವುದಿಲ್ಲ. ಪಾದರಸದ ಯು-ಕೊಳವೆಯಿಂದ ಪ್ರಾಣಿಗಳ ಅಪಧಮನಿಯ ಒತ್ತಡ ಅಳೆದು 1828ರಲ್ಲಿ ಪ್ರಬಂಧ ಬರೆದವನು ಈತ. ರಕ್ತದೊತ್ತಡವನ್ನು ನಾವಿಂದು ಮಿಲಿಮೀಟರ್ ಪಾದರಸದಲ್ಲಿ ಹೇಳುವುದರಲ್ಲಿ ಅವನ ಪಾಲಿದೆ. ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ದ್ರವ ಹರಿಸಿ 1840ರ ದಶಕದಲ್ಲಿ ಅವನು ಪ್ರಕಟಿಸಿದ ನಿಯಮದ ಹಿಂದಿದ್ದ ಪ್ರಶ್ನೆಯೂ ರಕ್ತದ್ದೇ: ಸಣ್ಣ ನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆ?

ನಿಯಮ ನಿಮಗೆ ಗೊತ್ತೇ ಇದೆ. ಒತ್ತಡದ ವ್ಯತ್ಯಾಸ ಮತ್ತು ಉದ್ದ ಒಂದೇ ಆಗಿದ್ದರೆ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ತ್ರಿಜ್ಯ ಅರ್ಧವಾದರೆ ಹರಿವು ಹದಿನಾರರಲ್ಲೊಂದು. ಇದನ್ನು ತರಗತಿಯಲ್ಲಿ ಮಾಡಿ ತೋರಿಸಲು ಒಂದೇ ಉದ್ದದ, 2 ಮತ್ತು 4 ಮಿ.ಮೀ. ಒಳವ್ಯಾಸದ ಎರಡು ಗಾಜಿನ ಕೊಳವೆ ಸಾಕು. ಒಂದು ಎಚ್ಚರ: ನೀರಿನಲ್ಲಿ ಮಾಡಬೇಡಿ. ನೀರು ಈ ಕೊಳವೆಗಳಲ್ಲಿ ಅತಿವೇಗವಾಗಿ ಹರಿದು ಹದಿನಾರರ ಲೆಕ್ಕ ಕೈಕೊಡುತ್ತದೆ, ಮಕ್ಕಳು ನಿಯಮವೇ ಸುಳ್ಳು ಎಂದುಕೊಳ್ಳುತ್ತಾರೆ. ನಾಲ್ಕು ಪಾಲು ಗ್ಲಿಸರಿನ್‌ಗೆ ಒಂದು ಪಾಲು ನೀರು ಬೆರೆಸಿ, ಎರಡೂ ಕೊಳವೆಗಳಿಗೆ ಒಂದೇ ಎತ್ತರದ ದ್ರವಸ್ತಂಭವಿಟ್ಟು, ಒಂದು ನಿಮಿಷದಲ್ಲಿ ಇಳಿದದ್ದನ್ನು ಅಳೆಯಿರಿ. ಹದಿನಾರಕ್ಕೆ ಹತ್ತಿರದ ಉತ್ತರ ಸಿಗುತ್ತದೆ.

ಈಗ ಬೇಸಿಲರ್‌ಗೆ ಬನ್ನಿ. ಸುಮಾರು 3 ಮಿ.ಮೀ. ವ್ಯಾಸದ ಈ ನಾಳದಿಂದ 0.3 ಮಿ.ಮೀ.ಗಿಂತಲೂ ತೆಳುವಾದ ಕವಲುಗಳು ನೇರವಾಗಿ ಪಾನ್ಸ್‌ನೊಳಗೆ ಇಳಿಯುತ್ತವೆ. ಹೆದ್ದಾರಿಯಿಂದ ಒಮ್ಮೆಗೇ ಕಾಲುದಾರಿಗೆ ತಿರುಗಿದಂತೆ. ತ್ರಿಜ್ಯ ಹತ್ತನೇ ಒಂದು ಪಾಲಾದರೆ ಅಷ್ಟೇ ಉದ್ದಕ್ಕೆ ರೋಧ ಹತ್ತು ಸಾವಿರ ಪಟ್ಟು. ಈ ಸಣ್ಣ ಕವಲುಗಳಿಗೆ ನೆರೆಯ ನಾಳಗಳಿಂದ ನೆರವೂ ಅಷ್ಟಾಗಿ ಸಿಗದು; ಒಂದು ಮುಚ್ಚಿದರೆ ಅದರ ತುಂಡು ಜಾಗ ಸತ್ತಂತೆಯೇ. ದೊಡ್ಡ ನಾಳದ ಪೂರ್ಣ ಒತ್ತಡವೂ ಇವುಗಳ ಬಾಯಿಗೇ ಬಡಿಯುವುದರಿಂದ, ವರ್ಷಗಟ್ಟಲೆ ಅಧಿಕ ರಕ್ತದೊತ್ತಡವಿದ್ದವರಲ್ಲಿ ಇವುಗಳ ಗೋಡೆ ದಪ್ಪವಾಗಿ ಮುಚ್ಚಿಕೊಳ್ಳುತ್ತದೆ ಅಥವಾ ಒಡೆಯುತ್ತದೆ. ರಕ್ತದೊತ್ತಡದಿಂದಾಗುವ ಮಿದುಳಿನ ರಕ್ತಸ್ರಾವಕ್ಕೆ ಪಾನ್ಸ್ ಮತ್ತು ಅನುಮಸ್ತಿಷ್ಕ ಎರಡೂ ಪರಿಚಿತ ಜಾಗಗಳು.

ಇಲ್ಲಿ ಒಂದು ತಿದ್ದುಪಡಿ ಅಗತ್ಯ. ಕೊಬ್ಬು ಸೇರಿ ದೊಡ್ಡ ನಾಳದ ವ್ಯಾಸ ಅರ್ಧಕ್ಕಿಳಿದೊಡನೆ ಮಿದುಳಿನ ರಕ್ತ ಹದಿನಾರರಲ್ಲೊಂದು ಆಗಿಬಿಡುವುದಿಲ್ಲ. ಕಿರಿದಾಗಿರುವುದು ಕೆಲವೇ ಮಿಲಿಮೀಟರ್ ಉದ್ದ. ಸರಣಿಯಲ್ಲಿ ಜೋಡಿಸಿದ ವಿದ್ಯುತ್ ರೋಧಕಗಳಂತೆ ಒಟ್ಟು ರೋಧದ ಬಹುಪಾಲು ಮುಂದಿರುವ ಸೂಕ್ಷ್ಮನಾಳಗಳಲ್ಲಿದೆ. ಅವು ಹಿಗ್ಗಿ ಕೊರತೆಯನ್ನು ತುಂಬಿಕೊಳ್ಳುತ್ತವೆ. ಹಾಗಾಗಿ ನಾಳ ಬಹಳ ಕಿರಿದಾಗುವ ತನಕ ಏನೂ ಗೊತ್ತಾಗದು. ಒಂದು ದಿನ ಆ ಒರಟು ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅಥವಾ ಹೃದಯದಿಂದ ಹೊರಟ ಹೆಪ್ಪೊಂದು ಬಂದು ಸಿಕ್ಕಿಕೊಳ್ಳುತ್ತದೆ. ನಮಗೆ ದಿಢೀರೆಂದು ಕಾಣುವುದು ಅದು.

ಎಡಗಡೆಯ ಮುಖ, ಬಲಗಡೆಯ ಮೈ

ಮಿದುಳುಕಾಂಡದ ಕೆಳತುದಿಯಾದ ಮೆಡುಲ್ಲದ ಉದ್ದ ಸುಮಾರು 3 ಸೆಂ.ಮೀ. ಮಿದುಳಿಗೂ ದೇಹಕ್ಕೂ ನಡುವಣ ಎಲ್ಲ ನರದಾರಿಗಳು ಇಷ್ಟರಲ್ಲೇ ಹಾದುಹೋಗಬೇಕು. ನುಂಗುವುದು, ದನಿ, ಉಸಿರು, ಹೃದಯಬಡಿತ ಇವುಗಳ ಕೇಂದ್ರಗಳೂ ಇಲ್ಲೇ. ಇಂಥ ಇಕ್ಕಟ್ಟಿನಲ್ಲಿ ಕೆಲವು ಮಿಲಿಮೀಟರ್ ಅಂಗಾಂಶ ಸತ್ತರೂ ಪರಿಣಾಮ ವಿಚಿತ್ರವಾಗಿರುತ್ತದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜಿನೀವಾದ ವೈದ್ಯ ಗ್ಯಾಸ್ಪರ್ಡ್ ವ್ಯೂಸ್ಯೋಗೆ ಇದು ಸ್ವತಃ ಆಯಿತು. ಮುಖದ ಒಂದು ಕಡೆ ಜೋಮು, ದೇಹದ ಇನ್ನೊಂದು ಕಡೆ ನೋವೂ ಬಿಸಿತಂಪೂ ತಿಳಿಯದು, ತಲೆಸುತ್ತು, ಬಿಕ್ಕಳಿಕೆ, ನುಂಗಲು ಕಷ್ಟ. ಆತ ಎಲ್ಲವನ್ನೂ ಗಮನವಿಟ್ಟು ದಾಖಲಿಸಿದ. ಕಾರಣ ತಿಳಿದದ್ದು ಆ ಶತಮಾನದ ಕೊನೆಗೆ. ಡಾನ್‌ಜಿಗ್ ನಗರದ ವೈದ್ಯ ಅಡಾಲ್ಫ್ ವಾಲೆನ್‌ಬರ್ಗ್ 38 ವರ್ಷದ ಒಬ್ಬ ರೋಗಿಯಲ್ಲಿ ಇಂಥದೇ ಲಕ್ಷಣಗಳನ್ನು ಕಂಡು, ಮೆಡುಲ್ಲದ ಪಕ್ಕದ ಭಾಗಕ್ಕೆ ರಕ್ತ ಕೊಡುವ ಹಿಂದಿನ ಕೆಳ ಅಪಧಮನಿ ಮುಚ್ಚಿರಬೇಕು ಎಂದು 1895ರಲ್ಲಿ ಬರೆದ. ಸ್ಕ್ಯಾನ್ ಇಲ್ಲದ ಕಾಲ, ಕೇವಲ ತರ್ಕ. ಕೆಲವು ವರ್ಷಗಳ ನಂತರ ರೋಗಿ ತೀರಿಕೊಂಡಾಗ ಶವಪರೀಕ್ಷೆಯಲ್ಲಿ ಹಾನಿ ಅವನು ಹೇಳಿದ ಜಾಗದಲ್ಲೇ ಇತ್ತು. ಅದನ್ನು 1901ರಲ್ಲಿ ಪ್ರಕಟಿಸಿದ. ಊಹೆ ಮೊದಲು, ಪರೀಕ್ಷೆ ಆಮೇಲೆ! ವಿಜ್ಞಾನದ ವಿಧಾನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಗಳು ಬಹಳವಿಲ್ಲ. ಯೆಹೂದಿಯಾದ ವಾಲೆನ್‌ಬರ್ಗ್ ನಾಜಿಗಳ ಕಾಲದಲ್ಲಿ ಊರು ಬಿಡಬೇಕಾಯಿತು. 1949ರಲ್ಲಿ ಅಮೆರಿಕದಲ್ಲಿ ತೀರಿಕೊಂಡ. ಬಹುಪಾಲು ಇಂಥ ರೋಗಿಗಳಲ್ಲಿ ಅಡಚಣೆ ಇರುವುದು ಆ ಕವಲಿನಲ್ಲಲ್ಲ, ಅದರ ತಾಯಿನಾಳವಾದ ಕಶೇರುಕದಲ್ಲಿ ಎಂಬುದು ನಂತರ ತಿಳಿಯಿತು.

ಮುಖ ಒಂದು ಕಡೆ, ಮೈ ಇನ್ನೊಂದು ಕಡೆ ಏಕೆ? ದೇಹದ ನೋವು ಮತ್ತು ಉಷ್ಣತೆಯ ಸಂದೇಶ ಒಯ್ಯುವ ತಂತುಗಳು ಬೆನ್ನುಹುರಿಯನ್ನು ಸೇರಿದ ಸ್ವಲ್ಪದರಲ್ಲೇ ಎದುರು ಬದಿಗೆ ದಾಟಿ ಮೇಲೇರುತ್ತವೆ. ಎಂದರೆ ಬಲಗಾಲಿನ ಸಂದೇಶ ಮೆಡುಲ್ಲವನ್ನು ಹಾಯುವುದು ಎಡಬದಿಯಲ್ಲಿ. ಮುಖದ ತಂತುಗಳದು ಬೇರೆ ರೀತಿ. ಅವು ಪಾನ್ಸ್‌ನಲ್ಲಿ ಒಳಹೊಕ್ಕು, ಅದೇ ಬದಿಯಲ್ಲಿ ಮೆಡುಲ್ಲದವರೆಗೆ ಕೆಳಗಿಳಿದು, ಆಮೇಲೆ ದಾಟುತ್ತವೆ. ಹೀಗಾಗಿ ಮೆಡುಲ್ಲದ ಎಡಪಕ್ಕದಲ್ಲಿ ದಾಟಿ ಬಂದ ಬಲಮೈಯ ದಾರಿಯೂ ಇನ್ನೂ ದಾಟದ ಎಡಮುಖದ ದಾರಿಯೂ ಅಕ್ಕಪಕ್ಕ ಇರುತ್ತವೆ. ಒಂದು ನಾಳ ಮುಚ್ಚಿದರೆ ಎರಡೂ ಹೋಗುತ್ತವೆ. ಸ್ನಾನಕ್ಕೆ ಕೂತ ರೋಗಿಗೆ ಒಂದು ಕಾಲಿಗೆ ನೀರು ಬಿಸಿ, ಇನ್ನೊಂದಕ್ಕೆ ಬರೀ ಒದ್ದೆ. ಸ್ಪರ್ಶಜ್ಞಾನದ ದಾರಿ ಮತ್ತು ಕೈಕಾಲು ಆಡಿಸುವ ಆದೇಶದ ದಾರಿ ಮೆಡುಲ್ಲದ ನಡುಗೆರೆಯ ಬಳಿ ಇವೆ. ಅವುಗಳಿಗೆ ಬೇರೆ ಕವಲುಗಳ ರಕ್ತ. ಆದ್ದರಿಂದ ಹಿಡಿತ ಗಟ್ಟಿಯಾಗಿಯೇ ಉಳಿಯುತ್ತದೆ. ‘ಕೈ ಎತ್ತಿ, ಕಾಲೆತ್ತಿ’ ಎಂದು ಪರೀಕ್ಷಿಸಿದವರಿಗೆ ಏನೂ ಸಿಗುವುದಿಲ್ಲ. ಆದರೆ ಅದೇ ರೋಗಿಯ ದನಿ ಗೊಗ್ಗರಾಗಿರುತ್ತದೆ, ಒಂದು ಕಣ್ಣಿನ ರೆಪ್ಪೆ ಇಳಿದು ಪಾಪೆ ಕಿರಿದಾಗಿರುತ್ತದೆ, ನಿಲ್ಲಿಸಿದರೆ ಒಂದು ಕಡೆಗೆ ವಾಲುತ್ತಾನೆ, ನೀರು ಕುಡಿಸಿದರೆ ನೆತ್ತಿಗೆ ಹತ್ತುತ್ತದೆ.

ನಿಂಬೆ ಪಾನಕದ ಅಪಾಯ ಇಲ್ಲಿದೆ. ನುಂಗುವ ಸ್ನಾಯುಗಳು ಸೋತಿದ್ದರೆ ಪಾನಕ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಆಘಾತದ ಅನುಮಾನವಿದ್ದಲ್ಲಿ, ನುಂಗುವ ಶಕ್ತಿಯನ್ನು ಪರೀಕ್ಷಿಸುವ ತನಕ ಬಾಯಿಗೆ ಏನನ್ನೂ ಹಾಕಬಾರದು. ನೀರನ್ನೂ, ಮಾತ್ರೆಯನ್ನೂ.

ಅನುಮಸ್ತಿಷ್ಕ ಸೋತಾಗ

ಮಿದುಳಿನ ಗಾತ್ರದಲ್ಲಿ ಹತ್ತರಲ್ಲೊಂದು ಪಾಲಷ್ಟಿರುವ ಅನುಮಸ್ತಿಷ್ಕದಲ್ಲಿ ಮಿದುಳಿನ ಒಟ್ಟು 8600 ಕೋಟಿ ನರಕೋಶಗಳ ಪೈಕಿ ಸುಮಾರು 6900 ಕೋಟಿ ಇವೆ ಎಂದು ಬ್ರೆಜಿಲ್‌ನ ವಿಜ್ಞಾನಿಗಳು 2009ರಲ್ಲಿ ಎಣಿಸಿ ತೋರಿಸಿದರು. ಇದು ಚಲನೆಯನ್ನು ಆದೇಶಿಸುವುದಿಲ್ಲ, ತಿದ್ದುತ್ತದೆ. ಆದ್ದರಿಂದ ಇದು ಸೋತಾಗ ಬಲ ಕುಂದುವುದಿಲ್ಲ, ಗುರಿ ತಪ್ಪುತ್ತದೆ. ಬೆರಳಿನಿಂದ ಮೂಗು ಮುಟ್ಟು ಎಂದರೆ ಬೆರಳು ಕೆನ್ನೆಗೆ ಹೋಗುತ್ತದೆ. ಮುಂಭಾಗದ ಮಿದುಳಿನಂತೆ ಇದು ಎದುರು ಬದಿಯನ್ನಲ್ಲ, ತನ್ನದೇ ಬದಿಯನ್ನು ನೋಡಿಕೊಳ್ಳುತ್ತದೆ; ದಾರಿ ಎರಡು ಸಲ ದಾಟುವುದರಿಂದ ಹೀಗೆ.

ಮೂರು ಅಪಧಮನಿಗಳ ಸೀಮೆ ಬೇರೆ ಬೇರೆ. ಹಿಂದಿನ ಕೆಳ ಅಪಧಮನಿ ಮುಚ್ಚಿದರೆ ತೀವ್ರ ತಲೆಸುತ್ತು, ವಾಂತಿ, ಮೈಯ ಸಮತೋಲ ತಪ್ಪುವುದು ಮುಖ್ಯ. ಮೇಲಿನ ಅಪಧಮನಿಯ ತೊಂದರೆಯಲ್ಲಿ ತಲೆಸುತ್ತಿಗಿಂತ ಮಾತು ತೊದಲುವುದು, ಕೈಯ ಚಲನೆ ಅಡ್ಡಾದಿಡ್ಡಿಯಾಗುವುದು ಎದ್ದುಕಾಣುತ್ತವೆ. ಮುಂದಿನ ಕೆಳ ಅಪಧಮನಿ ಹೆಚ್ಚಿನವರಲ್ಲಿ ಒಳಕಿವಿಗೂ ಒಂದು ಕವಲು ಕೊಡುತ್ತದೆ. ಆದ್ದರಿಂದ ತಲೆಸುತ್ತಿನೊಂದಿಗೆ ಒಂದು ಕಿವಿ ಒಮ್ಮೆಗೇ ಕೇಳದಾದರೆ ‘ಕಿವಿಯ ತೊಂದರೆ ತಾನೆ’ ಎಂದು ನಿಶ್ಚಿಂತರಾಗುವಂತಿಲ್ಲ.

ಮನೆಯಲ್ಲಿ ನೀವು ನೋಡಬಹುದಾದ ಲಕ್ಷಣ ಒಂದಿದೆ. ಒಳಕಿವಿಯ ತೊಂದರೆಯವರು ಎಷ್ಟೇ ತಲೆಸುತ್ತಿದ್ದರೂ ಸಾಮಾನ್ಯವಾಗಿ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡಬಲ್ಲರು. ಆಸರೆಯಿಲ್ಲದೆ ಕೂರಲೂ ಆಗದೆ ಒಂದು ಕಡೆಗೆ ಬಿದ್ದುಹೋಗುವವರ ವಿಷಯ ಬೇರೆ. ಒಮ್ಮೆಲೇ ಶುರುವಾಗಿ ನಿಲ್ಲದ ತಲೆಸುತ್ತಿನ ಜೊತೆ ಇದಾಗಲಿ, ಒಂದು ಎರಡಾಗಿ ಕಾಣುವುದಾಗಲಿ, ತೊದಲಾಗಲಿ, ನುಂಗುವ ತೊಂದರೆಯಾಗಲಿ, ಹಿಂದೆಂದೂ ಇಲ್ಲದಂಥ ತಲೆನೋವಾಗಲಿ ಇದ್ದರೆ 108ಕ್ಕೆ ಕರೆ ಮಾಡಬೇಕು. ಮುಖ, ತೋಳು, ಮಾತು ಈ ಮೂರನ್ನೇ ನೋಡುವ ಪ್ರಸಿದ್ಧ ಪರೀಕ್ಷೆಗೆ ಸುಮಾರು 14 ಶೇಕಡ ಆಘಾತಗಳು ಸಿಗುವುದಿಲ್ಲ, ನಡಿಗೆ ಮತ್ತು ದೃಷ್ಟಿಯನ್ನೂ ಸೇರಿಸಿದರೆ ತಪ್ಪಿಹೋಗುವವು 4 ಶೇಕಡದಷ್ಟಕ್ಕೆ ಇಳಿಯುತ್ತವೆ ಎಂದು ಅಮೆರಿಕದ ಕೆಂಟಕಿಯ ಅಧ್ಯಯನವೊಂದು 2017ರಲ್ಲಿ ತೋರಿಸಿತು.

ಬೇಸಿಲರ್ ನಾಳವೇ ಮುಚ್ಚಿದರೆ ಕಥೆ ಘೋರ. ಪಾನ್ಸ್‌ನ ಮುಂಭಾಗದಲ್ಲಿ ಎರಡೂ ಬದಿಯ ಚಲನೆಯ ದಾರಿಗಳು ಒಟ್ಟಿಗೆ ಇಳಿಯುತ್ತವೆ. ಅವು ಸತ್ತರೆ ಕೈ, ಕಾಲು, ಬಾಯಿ ಯಾವುದೂ ಅಲುಗದು. ಎಚ್ಚರವನ್ನು ಕಾಯುವ ಭಾಗ ಹಿಂದೆ ಮೇಲಿದೆ, ಅದು ಉಳಿದಿರಬಹುದು. ಒಳಗಿರುವ ಮನುಷ್ಯ ಎಲ್ಲವನ್ನೂ ಕೇಳುತ್ತಾನೆ, ತಿಳಿಯುತ್ತಾನೆ; ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು, ರೆಪ್ಪೆ ಬಡಿಯುವುದು ಬಿಟ್ಟರೆ ಉತ್ತರ ಕೊಡಲಾರ. 1995ರಲ್ಲಿ ಹೀಗಾದ ಫ್ರೆಂಚ್ ಸಂಪಾದಕ ಜಾನ್ ಡೊಮಿನಿಕ್ ಬೋಬಿ ಎಡಗಣ್ಣಿನ ರೆಪ್ಪೆ ಬಡಿದು ಅಕ್ಷರ ಅಕ್ಷರವಾಗಿ ಒಂದು ಪುಸ್ತಕವನ್ನೇ ಬರೆಸಿದ. 1997ರಲ್ಲಿ ಅದು ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ. ಅಲುಗದ ರೋಗಿಯ ಹಾಸಿಗೆಯ ಪಕ್ಕ ನಿಂತು ‘ಇನ್ನು ಆಸೆಯಿಲ್ಲ’ ಎಂದು ಮಾತಾಡುವವರು ಇದನ್ನು ತಿಳಿದಿರಬೇಕು.

ಕದ್ದ ರಕ್ತ, ತಿರುಚಿದ ಕತ್ತು

ಎರಡು ನಾಳ ಕೂಡುವ ವಿನ್ಯಾಸದಿಂದ ಒಂದು ಸ್ವಾರಸ್ಯದ ತೊಂದರೆಯೂ ಹುಟ್ಟುತ್ತದೆ. ಎಡತೋಳಿಗೆ ಹೋಗುವ ಸಬ್‌ಕ್ಲೇವಿಯನ್, ಕಶೇರುಕ ನಾಳ ಹುಟ್ಟುವ ಮೊದಲೇ ಕಿರಿದಾಯಿತು ಎನ್ನಿ. ತೋಳಿನಲ್ಲಿ ಒತ್ತಡ ಇಳಿಯುತ್ತದೆ. ಬಲ ಕಶೇರುಕದಲ್ಲಿ ಮೇಲೇರಿದ ರಕ್ತಕ್ಕೆ ಸಂಗಮದಲ್ಲಿ ಈಗ ಎರಡು ದಾರಿ: ಮುಂದೆ ಮಿದುಳು, ಹಿಂದೆ ಎಡ ಕಶೇರುಕದ ಮೂಲಕ ಕೆಳಗೆ ತೋಳಿಗೆ. ಹರಿವು ಒತ್ತಡ ಕಡಿಮೆಯಿರುವತ್ತ. ಎಡಗೈಯಿಂದ ಹೆಚ್ಚು ಕೆಲಸ ಮಾಡಿದಾಗ ಮಿದುಳಿನ ಪಾಲನ್ನು ತೋಳು ಕದಿಯುತ್ತದೆ, ತಲೆ ತಿರುಗುತ್ತದೆ. ವೈದ್ಯರು 1961ರಿಂದ ಇದನ್ನು ಕಳವು ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಿದ್ದಾರೆ. ಎರಡೂ ತೋಳುಗಳ ರಕ್ತದೊತ್ತಡ ಅಳೆದರೆ ಸುಳಿವು ಸಿಗುತ್ತದೆ. ವೀಟ್‌ಸ್ಟನ್ ಸೇತುವೆ ಕಲಿಸುವ ದಿನ ಇದನ್ನೂ ಹೇಳಬಹುದು.

ಕಶೇರುಗಳ ರಂಧ್ರಗಳಲ್ಲಿ ಪೋಣಿಸಿಕೊಂಡ ನಾಳವಾದ್ದರಿಂದ ಕತ್ತು ಫಕ್ಕನೆ ತಿರುಗಿದಾಗ, ಅದರಲ್ಲೂ ಮೊದಲೆರಡು ಕಶೇರುಗಳ ಬಳಿ, ಅದು ಜಗ್ಗುತ್ತದೆ. ಒಳಪದರ ಸೀಳಿದರೆ ಆ ಸೀಳಿನಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ಇಂಥದು ಅಪರೂಪ, ಆದರೆ ಐವತ್ತರೊಳಗಿನವರಲ್ಲಿ ಆಗುವ ಮಿದುಳಿನ ಆಘಾತಕ್ಕೆ ನಾಳದ ಸೀಳು ಮುಖ್ಯ ಕಾರಣಗಳಲ್ಲೊಂದು. ಕೇಶಾಲಯದ ಬೋಗುಣಿಯಲ್ಲಿ ಕತ್ತು ಹಿಂದಕ್ಕೆ ಚಾಚಿ ತಲೆ ತೊಳೆಸಿಕೊಂಡ ಐವರಲ್ಲಿ ಮಿದುಳಿನ ಹಿಂಭಾಗದ ತೊಂದರೆ ಕಂಡದ್ದನ್ನು ಅಮೆರಿಕದ ವೈದ್ಯರೊಬ್ಬರು 1993ರಲ್ಲಿ ವರದಿ ಮಾಡಿದರು. ನಮ್ಮಲ್ಲಿ ಕ್ಷೌರ ಮುಗಿದ ಮೇಲೆ ಕತ್ತನ್ನು ಎರಡೂ ಕಡೆ ಲಟಕ್ಕೆಂದು ತಿರುಗಿಸಿ ನೆಟಿಗೆ ತೆಗೆಯುವ ರೂಢಿಯಿದೆ. ‘ಬೇಡಪ್ಪ’ ಎಂದುಬಿಡುವುದು ಸುಲಭ.

ಸ್ಕ್ಯಾನ್ ನೋಡುವುದೂ ಭೌತವಿಜ್ಞಾನ

‘ಸಿ.ಟಿ. ಸ್ಕ್ಯಾನ್ ಮಾಡಿಸಿದೆವು, ಏನೂ ಇಲ್ಲವಂತೆ’ ಎಂದು ಜನ ನಿರಾಳರಾಗುತ್ತಾರೆ. ತಲೆಯ ಹಿಂಬದಿಯ ಮಟ್ಟಿಗೆ ಈ ನಿರಾಳಕ್ಕೆ ಆಧಾರ ಕಡಿಮೆ. ಕ್ಷ-ಕಿರಣದಲ್ಲಿ ಬೇರೆ ಬೇರೆ ಶಕ್ತಿಯ ಫೋಟಾನುಗಳಿರುತ್ತವೆ. ಕಿವಿಯ ಹಿಂದಿನ ಮೂಳೆ ಬಹಳ ಗಟ್ಟಿ. ಅದನ್ನು ಹಾಯುವಾಗ ಕಡಿಮೆ ಶಕ್ತಿಯ ಫೋಟಾನುಗಳು ಮೊದಲು ಹೀರಲ್ಪಟ್ಟು, ಉಳಿದ ಕಿರಣದ ಸರಾಸರಿ ಶಕ್ತಿ ಏರುತ್ತದೆ. ಗಣಕದ ಲೆಕ್ಕ ಇದರಿಂದ ಹಾದಿತಪ್ಪಿ ಎಡಬಲದ ಮೂಳೆಗಳ ನಡುವೆ, ಸರಿಯಾಗಿ ಮಿದುಳುಕಾಂಡದ ಮೇಲೆ, ಕಪ್ಪು ಪಟ್ಟಿಗಳನ್ನು ಎಳೆಯುತ್ತದೆ. ಹೊಸ ಆಘಾತದಲ್ಲಿ ಅಂಗಾಂಶದ ಸಾಂದ್ರತೆ ಬದಲಾಗುವುದು ಅತ್ಯಲ್ಪ. ಆ ಪಟ್ಟಿಗಳಲ್ಲಿ ಅದು ಮುಳುಗಿಹೋಗುತ್ತದೆ. ಹಾಗೆಂದು ಸಿ.ಟಿ. ನಿರರ್ಥಕವಲ್ಲ. ರಕ್ತಸ್ರಾವವನ್ನು ಅದು ಕೂಡಲೇ ತೋರಿಸುತ್ತದೆ. ಔಷಧಿ ಕೊಡುವ ಮೊದಲು ಅದು ತಿಳಿಯಲೇಬೇಕು. ನಾಳಗಳಿಗೆ ಬಣ್ಣದ ದ್ರವ ಹಾಯಿಸಿ ತೆಗೆದ ಸಿ.ಟಿ.ಯಲ್ಲಿ ಬೇಸಿಲರ್‌ನ ಅಡಚಣೆಯೂ ಕಾಣುತ್ತದೆ.

ಎಂ.ಆರ್.ಐ.ಯ ವಿಸರಣ ಚಿತ್ರದ ಮೂಲ 1905ರಲ್ಲಿ ಐನ್‌ಸ್ಟೈನ್ ವಿವರಿಸಿದ ಬ್ರೌನಿಯನ್ ಚಲನೆ. ಮಿದುಳಿನ ನೀರಿನ ಅಣು 50 ಮಿಲಿಸೆಕೆಂಡಿನಲ್ಲಿ ಅಲೆದಾಡುವ ದೂರ ಸುಮಾರು 10 ಮೈಕ್ರೋಮೀಟರ್, ಒಂದು ಜೀವಕೋಶದಷ್ಟು. ರಕ್ತ ನಿಂತಾಗ ಕೋಶಗಳು ಊದಿಕೊಂಡು ಅಲೆದಾಟಕ್ಕೆ ಎಡೆ ಕಡಿಮೆಯಾಗುತ್ತದೆ, ಆ ಜಾಗ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಇದೂ ಮೊದಲ ಎರಡು ದಿನ ಕೆಲವೊಮ್ಮೆ ತಪ್ಪುತ್ತದೆ. ನಿಲ್ಲದ ತಲೆಸುತ್ತಿದ್ದ 101 ಮಂದಿಯನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಘಾತವಾದವರ ಮೊದಲ ಎಂ.ಆರ್.ಐ. 12 ಶೇಕಡ ಬಾರಿ ‘ಏನಿಲ್ಲ’ ಎಂದಿತ್ತು. ತಜ್ಞರು ಹಾಸಿಗೆಯ ಪಕ್ಕದಲ್ಲೇ ಮಾಡಿದ ಕಣ್ಣಿನ ಮೂರು ಪರೀಕ್ಷೆಗಳು ಒಬ್ಬರನ್ನೂ ಬಿಟ್ಟಿರಲಿಲ್ಲ! ಅವುಗಳಲ್ಲಿ ಒಂದು ಹೀಗೆ: ರೋಗಿ ವೈದ್ಯರ ಮೂಗನ್ನೇ ನೋಡುತ್ತಿರುವಾಗ ತಲೆಯನ್ನು ಚಕ್ಕನೆ ಸ್ವಲ್ಪ ತಿರುಗಿಸುತ್ತಾರೆ. ಒಳಕಿವಿ ಕೆಟ್ಟಿದ್ದರೆ ಕಣ್ಣು ಗುರಿ ಬಿಟ್ಟು ಆಮೇಲೆ ಮರಳುತ್ತದೆ. ತಲೆ ಅಷ್ಟು ಸುತ್ತುತ್ತಿದ್ದರೂ ಕಣ್ಣು ಗುರಿ ಬಿಡದಿದ್ದರೆ ಕಿವಿ ಸರಿಯಿದೆ. ಹಾಗಾದರೆ ತೊಂದರೆ ಮಿದುಳಿನಲ್ಲಿ. ಸರಿಯಾದ ಉತ್ತರವೇ ಕೆಟ್ಟ ಸುದ್ದಿಯಾಗುವ ಪರೀಕ್ಷೆ ಇದು. ಇದಕ್ಕೆ ಪಳಗಿದ ಕೈ ಬೇಕು. ಮನೆಯಲ್ಲಿ ಮಾಡಲು ಹೋಗಬೇಡಿ, ಕತ್ತಿನ ನಾಳದ ವಿಷಯ ಈಗಷ್ಟೇ ಓದಿದ್ದೀರಿ.

ಅರೆನೆರಳಿನ ಗಂಟೆಗಳು

ಮಿದುಳಿನ 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಬೇಕು. ಅದು 20ರ ಆಸುಪಾಸಿಗೆ ಇಳಿದರೆ ಕೋಶಗಳು ಕೆಲಸ ನಿಲ್ಲಿಸುತ್ತವೆ, ಆದರೆ ಸಾಯುವುದಿಲ್ಲ. 10ಕ್ಕಿಂತ ಕೆಳಗಿಳಿದರೆ ಬೇಗ ಸಾಯುತ್ತವೆ. ಈ ಎರಡರ ನಡುವಣ ಸೀಮೆಗೆ 1970ರ ದಶಕದಲ್ಲಿ ವಿಜ್ಞಾನಿಗಳು ಕೊಟ್ಟ ಹೆಸರು ಗ್ರಹಣದ ಪಾಠದಿಂದ ಎರವಲು ಪಡೆದದ್ದು: ಅರೆನೆರಳು. ಚಿಕಿತ್ಸೆಯೆಲ್ಲ ಅರೆನೆರಳಿನಲ್ಲಿರುವ ಕೋಶಗಳಿಗಾಗಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕಾಗಿ ವೈದ್ಯರು ಮೊದಲು ಕೇಳುವ ಪ್ರಶ್ನೆ ‘ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?’ ಎಂಬುದು. ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.

ಬೇಸಿಲರ್‌ನಂಥ ದೊಡ್ಡ ನಾಳ ಮುಚ್ಚಿದಾಗ ತೊಡೆಸಂದಿ ಅಥವಾ ಮಣಿಕಟ್ಟಿನ ಅಪಧಮನಿಯಿಂದ ತೆಳುಕೊಳವೆ ಏರಿಸಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನವಿದೆ. ಹಿಂಭಾಗದ ನಾಳಗಳಲ್ಲಿ ಇದರಿಂದ ಪ್ರಯೋಜನವುಂಟೆ ಎಂಬುದು ಬಹುಕಾಲ ಚರ್ಚೆಯಲ್ಲಿತ್ತು. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. 2022ರಲ್ಲಿ ಚೀನಾದ ಎರಡು ಪರೀಕ್ಷೆಗಳು ಉತ್ತರ ಕೊಟ್ಟವು. ಮೊದಲ 12 ಗಂಟೆಯೊಳಗೆ ಹೆಪ್ಪು ತೆಗೆಸಿಕೊಂಡವರಲ್ಲಿ 46 ಶೇಕಡ ಮಂದಿ ಮೂರು ತಿಂಗಳ ನಂತರ ಆಸರೆಯಿಲ್ಲದೆ ನಡೆಯಬಲ್ಲವರಾದರು. ಕೇವಲ ಔಷಧಿ ಪಡೆದವರಲ್ಲಿ 23. ಸಾವು 55ರಿಂದ 37 ಶೇಕಡಕ್ಕೆ ಇಳಿಯಿತು. 6ರಿಂದ 24 ಗಂಟೆಯ ನಡುವೆ ಬಂದವರಲ್ಲೂ ಇಂಥದೇ ಫಲ. ಚಿಕಿತ್ಸೆ ಪಡೆದ ಮೇಲೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬದುಕುವುದಿಲ್ಲ ಎಂಬುದೂ ಈ ಅಂಕಿಗಳಲ್ಲೇ ಇದೆ.

ಕೊನೆಯದಾಗಿ ಮೂರನೆಯ ದಿನದ ವಿಷಯ. ಅನುಮಸ್ತಿಷ್ಕವಿರುವ ಗುಳಿ ಸುತ್ತ ಮೂಳೆ, ಮೇಲೆ ಬಿಗಿಯಾದ ಪೊರೆ ಇರುವ ಮುಚ್ಚಿದ ಪೆಟ್ಟಿಗೆ. ಸತ್ತ ಅಂಗಾಂಶ ನೀರು ತುಂಬಿಕೊಂಡು ಊದುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನಕ್ಕೆ ಈ ಊತ ಗರಿಷ್ಠ. ದ್ರವವನ್ನು ಅದುಮಿ ಕುಗ್ಗಿಸಲಾಗದು. ಪೆಟ್ಟಿಗೆಯಲ್ಲಿದ್ದ ಸ್ವಲ್ಪ ಎಡೆ ತುಂಬುವ ತನಕ ಒತ್ತಡ ಮೆಲ್ಲಗೆ ಏರಿ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಮಿದುಳಿನ ದ್ರವ ಹೊರಹೋಗುವ ದಾರಿ ಮುಚ್ಚುತ್ತದೆ, ಮುಂದಿರುವ ಮಿದುಳುಕಾಂಡ ಹಿಸುಕಿಕೊಳ್ಳುತ್ತದೆ. ಮೊದಲ ದಿನ ಬರೀ ತಲೆಸುತ್ತಿದ್ದವರು ಮೂರನೆಯ ದಿನ ಮಂಕಾಗಿ, ಮಂಪರಿಗೆ ಜಾರುವುದು ಹೀಗೆ. ಆದ್ದರಿಂದ ದೊಡ್ಡ ಆಘಾತವಾದವರನ್ನು ಆರಾಮಾಗಿ ಕಂಡರೂ ಕೆಲವು ದಿನ ನರಶಸ್ತ್ರಚಿಕಿತ್ಸೆಯ ಸೌಕರ್ಯವಿರುವಲ್ಲೇ ಇರಿಸುತ್ತಾರೆ. ಊತ ಏರಿದರೆ ತಲೆಬುರುಡೆಯ ಹಿಂಬದಿಯ ಮೂಳೆಯ ತುಂಡನ್ನು ತೆಗೆದು ಎಡೆ ಮಾಡಿಕೊಡುತ್ತಾರೆ. ಮಿದುಳುಕಾಂಡ ಹಾಳಾಗುವ ಮೊದಲೇ ಇದನ್ನು ಮಾಡಿದರೆ ಎಷ್ಟೋ ಮಂದಿ ಮತ್ತೆ ನಡೆಯುವಂತಾಗುತ್ತಾರೆ. ಅನುಮಸ್ತಿಷ್ಕದ ಉಳಿದ ಭಾಗ ತಿಂಗಳುಗಳಲ್ಲಿ ಹೊಸದಾಗಿ ಸಮತೋಲ ಕಲಿಯುತ್ತದೆ.